ಕಾಲ್ ಮಾಡೋದಾ, ಫೋಲ್ಡ್ ಮಾಡೋದಾ: ಮೂರು ವಾರದ ರಾಣಿ ಗಂಟು ಬಿಚ್ಚಿತು

ಕೊನೆಗೂ ಸಿಕ್ಕಿತು! ಪುಟ್ಟ ಕಂಪ್ಯೂಟರ್ ಬೋರ್ಡು, ಡಿಸ್‌ಪ್ಲೇ ಜೋಡಿಸಿ, ಪೋಕರ್ ಎಂಬ ಇಸ್ಪೀಟ್ ಆಟವನ್ನು ತಾನೇ ಕಲಿಯುವ ಡಬ್ಬಿಯೊಂದನ್ನು ಮಾಡಿದ್ದೇನೆ. ಎದುರಾಳಿ ಬೆಟ್ ಕಟ್ಟಿದಾಗ ಕೈಯಲ್ಲಿ ರಾಣಿ ಇದ್ದರೆ ಎಷ್ಟು ಸಲ ಕಾಲ್ ಮಾಡಬೇಕು ಅಂತ ಅದು ಕಂಡುಹಿಡಿಯಬೇಕಿತ್ತು. ನಿನ್ನೆ ರಾತ್ರಿ ಹನ್ನೊಂದೂವರೆಗೆ ಡಿಸ್‌ಪ್ಲೇ ಮೇಲೆ 0.334 ಅಂತ ಬಂದು ಅಲ್ಲೇ ನಿಂತಿತು. ನಾನು ಕೂಗಿದ ಜೋರಿಗೆ ಅಮ್ಮ ಎದ್ದು ಬಂದರು.

   

ಆಟ ಕೂನ್ ಪೋಕರ್. ಗಣಿತಜ್ಞ ಹೆರಾಲ್ಡ್ ಕೂನ್ 1950ರಲ್ಲಿ ಕೊಟ್ಟ ಪುಟ್ಟ ಆಟ: ಗುಲಾಮ, ರಾಣಿ, ರಾಜ ಮೂರೇ ಎಲೆ, ಇಬ್ಬರು ಆಟಗಾರರು, ತಲಾ ಒಂದು ಚಿಪ್ ಹಾಕಿ ಶುರು, ಆಮೇಲೆ ಒಂದೇ ಚಿಪ್ಪಿನ ಬೆಟ್ (ಪಣ ಏರಿಸುವುದು); ಏರಿಸದೆ ಬಿಟ್ಟರೆ ಚೆಕ್. ಬೆಟ್‌ಗೆ ಸಮನಾಗಿ ಚಿಪ್ ಹಾಕಿದರೆ ಕಾಲ್, ಎಲೆ ಬಿಟ್ಟುಕೊಟ್ಟರೆ ಫೋಲ್ಡ್. ಎಲೆ ತೋರಿಸಿದಾಗ ದೊಡ್ಡದಕ್ಕೆ ಗೆಲುವು. ನಮ್ಮಲ್ಲಿ ಚಿಪ್ ಅಂದರೆ ಹುಣಸೆ ಬೀಜ. ಮೊದಲು ಆಡುವವಳು ತಂಗಿ, ಎರಡನೆಯದು ನನ್ನ ಡಬ್ಬಿ. ಮೊದಲ ವಾರ ಅವಳು ಗೆದ್ದ ಬೀಜಗಳನ್ನು ಹುರಿದು ತಿಂದಿದ್ದರಿಂದ ಬ್ಯಾಂಕೇ ಖಾಲಿಯಾಗಿತ್ತು.

ಅವಳು ಬೆಟ್ ಮಾಡಿದಾಗ ಡಬ್ಬಿಯ ಕೈಯಲ್ಲಿ ರಾಜನಿದ್ದರೆ ಕಾಲ್, ಗುಲಾಮನಿದ್ದರೆ ಫೋಲ್ಡ್, ಯೋಚನೆಯೇ ಬೇಡ. ಕಷ್ಟವೆಲ್ಲ ರಾಣಿಯದು. ಪಾಟ್‌ನಲ್ಲಿ (ನಡುವೆ ಕೂಡಿದ ಪಣದಲ್ಲಿ) ಮೂರು ಬೀಜ, ಕಾಲ್‌ಗೆ ಒಂದು. ಅಂದರೆ ಅವಳ ನಾಲ್ಕು ಬೆಟ್‌ಗಳಲ್ಲಿ ಒಂದು ಗುಲಾಮ ಹಿಡಿದು ಮಾಡಿದ ಬ್ಲಫ್ (ಸೋಲುವ ಎಲೆಯಲ್ಲಿ ಹೆದರಿಸುವ ಬೆಟ್) ಆಗಿದ್ದರೂ ಕಾಲ್ ಹಾಕಿದ ಕಾಸು ಹುಟ್ಟುತ್ತದೆ. ಚೆನ್ನಾಗಿ ಆಡುವವರು ಸರಿಯಾಗಿ ಅಷ್ಟೇ ಬ್ಲಫ್ ಮಾಡುತ್ತಾರೆ. ಆಗ ರಾಣಿಗೆ ಕಾಲ್, ಫೋಲ್ಡ್ ಎರಡೂ ಒಂದೇ ಬೆಲೆ!

ಹಾಗಾದರೆ ಏನು ಬೇಕಾದರೂ ಮಾಡಬಹುದಾ? ಇಲ್ಲ. ಇಲ್ಲೇ ನನಗೆ ಈ ಆಟದ ಹುಚ್ಚು ಹಿಡಿದದ್ದು. ಅವಳ ಕಡೆಯಿಂದ ಲೆಕ್ಕ ಹಾಕಿ. ಗುಲಾಮ ಹಿಡಿದು ಚೆಕ್ ಮಾಡಿದರೆ ಒಂದು ಬೀಜ ಹೋಯಿತು. ಬ್ಲಫ್ ಮಾಡಿದರೆ, ಎದುರಿಗೆ ರಾಜನಿದ್ದಾಗ ಎರಡು ಹೋಗುತ್ತವೆ. ರಾಣಿ ಇದ್ದಾಗ ಡಬ್ಬಿ ಕಾಲ್ ಮಾಡಿದರೆ ಎರಡು ಹೋಗುತ್ತವೆ, ಫೋಲ್ಡ್ ಮಾಡಿದರೆ ಒಂದು ಬರುತ್ತದೆ. ರಾಣಿ ಮೂರಕ್ಕೆ ಒಂದು ಸಲ ಕಾಲ್ ಮಾಡಿದರೆ ಬ್ಲಫ್‌ಗೂ ಚೆಕ್‌ಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಅದಕ್ಕಿಂತ ಕಡಿಮೆ ಮಾಡಿದರೆ ಅವಳು ಬ್ಲಫ್ ಮಾಡಿಯೇ ಬೀಜ ಬಾಚುತ್ತಾಳೆ. ಹೆಚ್ಚು ಮಾಡಿದರೆ ಬ್ಲಫ್ ಬಿಟ್ಟು ರಾಜನಿದ್ದಾಗ ಮಾತ್ರ ಬೆಟ್ ಕಟ್ಟುತ್ತಾಳೆ.

ಈ ಮೂರನೇ ಒಂದನ್ನು ಯಾರೂ ಹೇಳಿಕೊಡದೆ ಡಬ್ಬಿಯೇ ಕಂಡುಕೊಳ್ಳಬೇಕು ಅಂತ ನನ್ನ ಹಟ. ಸಿಎಫ್ಆರ್ ಬರೆದೆ (ಬೇರೆ ನಡೆ ಆಡಿದ್ದರೆ ಎಷ್ಟು ಲಾಭವಾಗುತ್ತಿತ್ತು ಎಂಬ 'ರಿಗ್ರೆಟ್' ಕೂಡಿಸುತ್ತ ಆಟ ತಿದ್ದಿಕೊಳ್ಳುವ ವಿಧಾನ ಅದು), ಪ್ರತಿ ಸಲ ಒಂದೊಂದೇ ಕೈ ಹಂಚಿ ತನ್ನೊಂದಿಗೆ ತಾನೇ ಆಡಿಕೊಳ್ಳಲು ಬಿಟ್ಟೆ. ಬೆಳಿಗ್ಗೆ ನೋಡಿದರೆ ರಾಣಿಯ ಕಾಲ್ ಪ್ರಮಾಣ 0.1, ಮಧ್ಯಾಹ್ನ 0.6, ಸಂಜೆ ಮತ್ತೆ 0.2. ರಿಗ್ರೆಟ್ ಲೆಕ್ಕವನ್ನು ನಾಲ್ಕು ಸಲ ಕೈಯಲ್ಲೇ ಮಾಡಿ ನೋಡಿದೆ, ಸರಿ ಇತ್ತು. ಪ್ಲಸ್, ಮೈನಸ್ ಚಿಹ್ನೆಗಳೂ ಸರಿ. ಎರಡು ವಾರ ಹೀಗೇ ಹೋಯಿತು.

ದಾರಿ ತೋರಿಸಿದ್ದು ತಂಗಿಯ ಹಳೇ ಲೆಕ್ಕದ ಪುಸ್ತಕ. "ಅಣ್ಣಾ, ಇದು ದಿನಕ್ಕೊಂದು ಹೇಳುತ್ತೆ ಕಣೋ, ನಾನು ಬರೆದಿಟ್ಟಿದ್ದೀನಿ ನೋಡು" ಅಂದಳು. ಡಬ್ಬಿ ರಾಣಿ ಹಿಡಿದು ಬೆಟ್ ಎದುರಿಸಿದ ಪ್ರತಿ ಸಲಕ್ಕೂ ಪೆನ್ಸಿಲಿನಲ್ಲಿ ಗೀಟು, ಕಾಲ್ ಮಾಡಿದ್ದಕ್ಕೆ ಮಾತ್ರ ಸುತ್ತ ಸೊನ್ನೆ. ಎಣಿಸಿದೆ: 92 ಗೀಟು, 31 ಸೊನ್ನೆ. ಮೂರನೇ ಒಂದು ಆ ಪುಟದಲ್ಲೇ ಕೂತಿತ್ತು!

ಡಬ್ಬಿ ಹಿನ್ನೆಲೆಯಲ್ಲಿ ಕಲಿಯುತ್ತಲೇ ಇತ್ತು, ನಾನು ಕೇಳುತ್ತಿದ್ದದ್ದು ಅದರ ಆ ಕ್ಷಣದ ಮನಸ್ಸನ್ನು. ಸಿಎಫ್ಆರ್‌ನಲ್ಲಿ ಉತ್ತರಕ್ಕೆ ಹತ್ತಿರವಾಗುವುದು ಕೊನೆಯ ನಡೆಯಲ್ಲ, ಎಲ್ಲ ಸುತ್ತುಗಳ ಸರಾಸರಿ. ಆ ಸರಾಸರಿಗೆ ಬೇಕಾದ ಮೊತ್ತವನ್ನು ಕೋಡಿನಲ್ಲಿ ಕೂಡಿಸುತ್ತಲೇ ಇದ್ದೆ, ಎಲ್ಲೂ ಓದುತ್ತಿರಲಿಲ್ಲ. ಒಂದು ಸಾಲು ಬದಲಾಯಿಸಿದೆ. ಒಂದು ಲಕ್ಷ ಕೈ ಆಡುವಷ್ಟರಲ್ಲಿ 0.334 ಬಂತು. ಮೊದಲ ಆಟಗಾರನ ಸರಾಸರಿ ನಷ್ಟವೂ ಇರಬೇಕಾದ ಹದಿನೆಂಟನೇ ಒಂದು ಬೀಜದ ಹತ್ತಿರ ಬಂದು ನಿಂತಿತು.

ಮುಂದೆ ಲೆಡ್ಯೂಕ್ ಎಂಬ ಇನ್ನೊಂದು ಪುಟ್ಟ ಪೋಕರ್: 6 ಎಲೆ, ಎರಡು ಸುತ್ತು, ನಡುವೆ ಎಲ್ಲರಿಗೂ ಕಾಣುವ ಒಂದು ಎಲೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಇಬ್ಬರ ಲಿಮಿಟ್ ಹೋಲ್ಡೆಮ್ಮನ್ನೇ (ಬೆಟ್ ಮೊತ್ತ ನಿಗದಿಯಾದ, ಪೂರ್ತಿ ಕಟ್ಟಿನ ಪೋಕರ್) ಬಹುಪಾಲು ಬಿಡಿಸಿದ್ದರು. ಅಷ್ಟು ದೂರದ ಕನಸು ಈಗ ಬೇಡ, ಈ ಬೋರ್ಡಿನ ಮೆಮೊರಿಗೆ ಲೆಡ್ಯೂಕ್ ಹಿಡಿದರೆ ಸಾಕು. ಇನ್ನೊಂದು ಕಟ್ಟಿನಿಂದ ಎಲೆ ಆರಿಸಿ ಇಟ್ಟಿದ್ದೇನೆ. ತಂಗಿ ಪುಸ್ತಕದಲ್ಲಿ ಹೊಸ ಪುಟಕ್ಕೆ ಆಗಲೇ ಗೆರೆ ಎಳೆದಿದ್ದಾಳೆ.