ಸಾಲ ಇನ್ನೂ ತೀರಿಲ್ವಾ?

ಇಲ್ಲ. ತೀರಿಲ್ಲ.

ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಕೇಳುವವರು ಅಷ್ಟಕ್ಕೆ ಬಿಡುವುದಿಲ್ಲ. "ಮನೆ ಸಾಲ ತಗೊಂಡು ಒಂಬತ್ತು ವರ್ಷ ಆಯ್ತಲ್ಲಾ, ಇಬ್ಬರೂ ದುಡೀತೀರಿ, ದುಡ್ಡನ್ನ ಏನ್ ಮಾಡ್ತೀರಿ?" ಅನ್ನುತ್ತಾರೆ. ಆ 'ಏನ್ ಮಾಡ್ತೀರಿ' ಇದೆಯಲ್ಲ, ನನಗೆ ಉರಿಯುವುದು ಅದಕ್ಕೇ. ಹೋದ ಸಲ ಚಿಕ್ಕಪ್ಪ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಇದನ್ನೇ ಕೇಳಿದರು. ಉತ್ತರಕ್ಕೂ ಕಾಯದೆ "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಪ್ಪಾ" ಅಂದು ಹೊರಟರು. ಚಿಕ್ಕಪ್ಪಾ, ಆ ಹಾಸಿಗೆಯೂ ಕಂತಿನದ್ದೇ.

ಲೆಕ್ಕ ಬೇಕಾದರೆ ತಗೊಳ್ಳಿ. ಸಾಲ 20 ವರ್ಷದ್ದು, ಬಡ್ಡಿ ಶೇ. 9. ಮೊದಲ ಕಂತಿನ ಪ್ರತಿ ನೂರರಲ್ಲಿ 83 ಬಡ್ಡಿಗೇ ಹೋಯಿತು. ಅಸಲಿಗೆ ಸೇರಿದ್ದು 17. ಒಂದು ಕಂತೂ ತಪ್ಪಿಸದೆ ಕಟ್ಟಿದರೂ ಅರ್ಧ ಅಸಲು ತೀರುವುದಕ್ಕೆ 14 ವರ್ಷ ಬೇಕು. 9 ವರ್ಷಕ್ಕೆ ನಾವು ತೀರಿಸಿರುವುದು ಕಾಲು ಭಾಗ. ದುಡ್ಡನ್ನು ಇದೇ ಮಾಡುತ್ತೇವೆ.

ಎರಡನೇ ಸಾಲ ಮಾತ್ರ ನನ್ನ ತಪ್ಪು. ಒಂದು ತಿಂಗಳು ಕೈ ಬಿಗಿಯಾಗಿ ಕ್ರೆಡಿಟ್ ಕಾರ್ಡ್ ಉಜ್ಜಿದೆ. ಬಿಲ್ಲಿನಲ್ಲಿ 'ಕನಿಷ್ಠ ಮೊತ್ತ' ಅಂತ ಇತ್ತು, ಅಷ್ಟೇ ಕಟ್ಟಿ ಸುಮ್ಮನಾದೆ. ತಿಂಗಳಿಗೆ ಶೇ. 3 ಅಂದರೆ ಏನೂ ಅನ್ನಿಸುವುದಿಲ್ಲ, ಅಲ್ವಾ? ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ ಶೇ. 42 ದಾಟುತ್ತದೆ. ಅದನ್ನು ಮುಚ್ಚಲು ಮೊಬೈಲ್ ಆಪ್‌ನಲ್ಲಿ ಇನ್ನೊಂದು ಸಾಲ. (ಐದು ನಿಮಿಷದಲ್ಲಿ ಸಿಕ್ಕಿತು. ಇಷ್ಟು ಬೇಗ ನನ್ನನ್ನು ಯಾರೂ ನಂಬಿರಲಿಲ್ಲ.)

'ಎಷ್ಟು ಬಾಕಿ' ಅಂತ ಎಲ್ಲರೂ ಕೇಳುತ್ತಾರೆ. 'ಮನೆಯಲ್ಲಿ ಯಾವಾಗ ಹೇಳಿದೆ' ಅಂತ ಒಬ್ಬರಾದರೂ ಕೇಳಬಾರದಾ?

ನಾನಾಗಿ ಹೇಳಲೇ ಇಲ್ಲ. ಹನ್ನೊಂದು ತಿಂಗಳು ಫೋನನ್ನು ಬೋರಲಾಗಿಯೇ ಇಟ್ಟೆ. ಆಗ ಮಗಳು ಓದುವುದನ್ನು ಹೊಸದಾಗಿ ಕಲಿತಿದ್ದಳು. ಕಣ್ಣಿಗೆ ಬಿದ್ದದ್ದನ್ನೆಲ್ಲ ಜೋರಾಗಿ ಓದಬೇಕು. ಒಂದು ಸಂಜೆ ಗೇಮ್ ಆಡುತ್ತಿದ್ದವಳು ಮೇಲೆ ಬಂದ ಮೆಸೇಜನ್ನೂ ಅಕ್ಷರ ಕೂಡಿಸಿ ಓದಿದಳು. "ಅಪ್ಪಾ, ಸುಸ್ತಿ ಬಾಕಿ ಅಂತೆ. ನಿಂಗೆ ಸುಸ್ತಾಗಿದೆಯಾ?"

ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಕೈ ಒಂದು ಕ್ಷಣ ನಿಂತಿತು. ಆಮೇಲೆ ಪೂರ್ತಿ ಮಡಚಿದಳು, ಕಾಲುಚೀಲಗಳನ್ನೂ ಜೋಡಿ ಮಾಡಿದಳು. ಎಷ್ಟು ಅಂತ ಕೇಳಲಿಲ್ಲ. "ಎಷ್ಟು ದಿನದಿಂದ?" ಅಂದಳು.

ಆಮೇಲಿನ ಜಗಳಗಳೆಲ್ಲ ಆ ಹನ್ನೊಂದು ತಿಂಗಳದ್ದು. ದುಡ್ಡಿನದ್ದು ಕಡಿಮೆ. ಕಾರ್ಡ್, ಆಪ್ ಎರಡರ ಬಾಕಿಯೂ ತೀರಿ ಎರಡು ವರ್ಷವಾಯಿತು. ಈಗಲೂ ನನ್ನ ಫೋನ್ ಟಿಣ್ ಅಂದರೆ ಅವಳು ತಲೆ ಎತ್ತುತ್ತಾಳೆ. ಜಾಹೀರಾತಾದರೂ ತೋರಿಸಿಬಿಡುತ್ತೇನೆ.

ಮಗಳದ್ದು ಇನ್ನೊಂದು ಥರ. ಬಣ್ಣದ ಪೆನ್ಸಿಲ್ ಬೇಕಾದರೆ ನೇರವಾಗಿ ಕೇಳುವುದಿಲ್ಲ. ಬಾಗಿಲ ಹತ್ತಿರ ನಿಂತು "ಅಪ್ಪಾ, ಈ ತಿಂಗಳ ಕಂತು ಹೋಯ್ತಾ?" ಅನ್ನುತ್ತಾಳೆ.