ವೆಗ್ನರ್ ಕುರ್ಚಿ ಅಂದ್ರೆ ಯಾಕಿಷ್ಟು ಇಷ್ಟ
ಡೆನ್ಮಾರ್ಕಿನ ಹಳೇ ಫರ್ನಿಚರ್ ಅಂದ್ರೆ ನಂಗೆ ಮೊದ್ಲು ನೆನಪಾಗೋದು ಹಾನ್ಸ್ ವೆಗ್ನರ್ 1949ರಲ್ಲಿ ಡಿಸೈನ್ ಮಾಡಿದ, ಬೆನ್ನಿನ ಕಡೆ Y ಆಕಾರದ ಮರ ಇರೋ ವಿಷ್‌ಬೋನ್ ಕುರ್ಚಿ, 1950ರಿಂದ ಇವತ್ತಿನವರೆಗೂ ನಿಲ್ಲಿಸದೆ ಮಾಡ್ತಾನೇ ಇದಾರೆ ಅದನ್ನ. ಸೀಟಿಗೆ ಸುಮಾರು 120 ಮೀಟರ್ ಹುರಿ ಬೇಕು, ಅದೂ ಕಾಗದದ ಹುರಿ, ಈಗ್ಲೂ ಕೈಯಲ್ಲೇ ಹೆಣೀತಾರೆ, ವರ್ಷಗಟ್ಲೆ ಬಾಳಿಕೆ ಬರುತ್ತೆ. ಮೇಲಿನ ಆ ಒಂದೇ ಬಾಗಿದ ಮರ ಬೆನ್ನಿಗೂ ಆಸರೆ ಕೈಗೂ ಆಸರೆ, ಎಂಥಾ ಯೋಚನೆ! ಇದೆಲ್ಲ ಸುಮ್ನೆ ಬಂದಿದ್ದಲ್ಲ, 1924ರಲ್ಲಿ ಕೋಪನ್‌ಹೇಗನ್ ಕಲಾ ಅಕಾಡೆಮಿಯಲ್ಲಿ ಕೋರೆ ಕ್ಲಿಂಟ್ ಅನ್ನೋ ಡಿಸೈನರ್ ಫರ್ನಿಚರ್ ವಿಭಾಗ ಶುರು ಮಾಡಿ ಮನುಷ್ಯರ ಮೈ ಅಳತೆ ಹಿಡಿದು ಡಿಸೈನ್ ಮಾಡೋದು ಕಲಿಸಿದ್ರು, ವೆಗ್ನರ್ ಅಂತೂ ಡಿಸೈನರ್ ಆಗೋಕೆ ಮುಂಚೆನೇ ಮರಗೆಲಸ ಕಲ್ತವ್ರು. ಅದಕ್ಕೇ ಮರದ ಜೋಡಣೆನ ಮುಚ್ಚಿಡದೆ ಅದನ್ನೇ ಚಂದ ಮಾಡಿ ತೋರಿಸೋ ಧೈರ್ಯ ಅವ್ರಿಗಿತ್ತು ಅನ್ಸುತ್ತೆ.