ಈವ್ಲಿನ್ ವಾ ಓದೋರ ಮುಗಿಯದ ವಾದ

ಇಂಗ್ಲಿಷ್ ಕಾದಂಬರಿಕಾರ ಈವ್ಲಿನ್ ವಾ ಅವರ ಅಭಿಮಾನಿಗಳು ಇಬ್ರು ಸೇರಿದ್ರೆ ಸಾಕು, ಮಾತು ಸೀದಾ 1945ರ 'ಬ್ರೈಡ್ಸ್‌ಹೆಡ್ ರೀವಿಸಿಟೆಡ್'ಗೆ ಹೋಗತ್ತೆ, ಅದೇ ಶ್ರೇಷ್ಠ ಅಂತ ಒಬ್ರು, ಅದ್ರಲ್ಲಿ ಭಾವುಕತೆ ಜಾಸ್ತಿ ಅಂತ ಇನ್ನೊಬ್ರು. ನನ್ನ ಓಟು ಮಾತ್ರ 1934ರ 'ಎ ಹ್ಯಾಂಡ್‌ಫುಲ್ ಆಫ್ ಡಸ್ಟ್'ಗೇ.

ಅದ್ರ ಕೊನೆ ಓದಿದೋರು ಮರೆಯೋದು ಕಷ್ಟ. ಮದುವೆ ಮುರಿದ ಟೋನಿ ಲಾಸ್ಟ್ ದಕ್ಷಿಣ ಅಮೆರಿಕದ ಕಾಡಿಗೆ ಹೋಗಿ, ಓದೋಕೆ ಬರದ ಮಿಸ್ಟರ್ ಟಾಡ್ ಅನ್ನೋನ ಕೈಗೆ ಸಿಕ್ಕಿ, ಬಿಡುಗಡೆನೇ ಇಲ್ದೆ ಅವನಿಗೆ ಡಿಕನ್ಸ್ ಕಾದಂಬರಿಗಳನ್ನ ಗಟ್ಟಿಯಾಗಿ ಓದಿ ಹೇಳ್ತಾ ಕೂರ್ಬೇಕಾಗತ್ತೆ! ಈ ಭಾಗ ಮೊದಲು ಒಂದು ಸಣ್ಣಕಥೆಯಾಗಿತ್ತು, ಅದು ಅಮೆರಿಕದಲ್ಲಿ ಆಗಲೇ ಪ್ರಿಂಟ್ ಆಗಿದ್ರಿಂದ ಅಲ್ಲಿನ ಮ್ಯಾಗಜಿನ್ ಧಾರಾವಾಹಿಗೆ ವಾ ಬೇರೆ ಕೊನೆನೇ ಬರೆದುಕೊಟ್ರು, ಅದ್ರಲ್ಲಿ ಟೋನಿ ಮನೆಗೆ ವಾಪಸ್ ಬರ್ತಾನೆ. ಎರಡನ್ನೂ ಒಟ್ಟಿಗೆ ಓದ್ಬೇಕು, ಕಾಡಿನ ಕೊನೆನೇ ಎಷ್ಟು ನಿರ್ದಯವಾಗಿ ಸರಿಯಾಗಿದೆ ಅಂತ ಆಗ ಗೊತ್ತಾಗತ್ತೆ.

ಕಾದಂಬರಿಯ ನೋವು ಬರೀ ಕಲ್ಪನೆ ಅಂತ ನಂಗೆ ಅನ್ಸಲ್ಲ. ವಾ ಅವರ ಮೊದಲ ಮದುವೆ (ಹೆಂಡತಿ ಹೆಸರೂ ಈವ್ಲಿನ್ನೇ) 1929ರಲ್ಲಿ ಮುರಿದುಬಿತ್ತು, 1930ರಲ್ಲಿ ಕ್ಯಾಥೊಲಿಕ್ ಆದ್ರು, ಆಮೇಲೆ ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾ ಕಾಡನ್ನ ಸ್ವತಃ ಸುತ್ತಿ ಬಂದ್ರು. ಆದ್ರೂ ಪುಸ್ತಕದಲ್ಲಿ ಎಲ್ಲೂ ಅಳು ಇಲ್ಲ, ಚಿಕ್ಕ ಚಿಕ್ಕ ಡೈಲಾಗು, ತಣ್ಣಗಿನ ವಾಕ್ಯ ಅಷ್ಟೇ, ಟೋನಿ ಹೆಂಡತಿ ಬ್ರೆಂಡಾ ಏನ್ ಯೋಚಿಸ್ತಿದಾಳೆ ಅಂತ ವಿವರಿಸೋದೇ ಕಮ್ಮಿ.

ಪತ್ರಕರ್ತರ ಲೋಕದ ಬಗ್ಗೆ ಇರೋ 'ಸ್ಕೂಪ್' ಕೂಡ ನಂಗಿಷ್ಟ, ಆದ್ರೆ ಹೊಸಬರು ಯಾರಾದ್ರೂ ಕೇಳಿದ್ರೆ ಟೋನಿ ಕಥೆಯಿಂದ್ಲೇ ಶುರು ಮಾಡಿ ಅಂತೀನಿ.